ಅಣುವೂ ತೊಲೆಯೂ: ಟೀಕಾ ಮನೋಭಾವದಿಂದ ಬಿಡುಗಡೆ

ಭಾನುವಾರದ ಬಲಿಪೂಜೆ ಮುಗಿದಿರುತ್ತದೆ. ಇಗರ್ಜಿಯ ಮೆಟ್ಟಿಲಿಳಿದು ವಾಹನ ನಿಲ್ಲಿಸಿದ ಜಾಗಕ್ಕೆ ಬರುವಷ್ಟರಲ್ಲಿ ಮಾತು ಶುರುವಾಗುತ್ತದೆ. ಇಂದಿನ ಪ್ರವಚನ ಉದ್ದವಾಯಿತು. ಗಾಯನ ವೃಂದ ಶ್ರುತಿ ತಪ್ಪಿತು. ಮೊದಲ ವಾಚನ ಓದಿದವರಿಗೆ ಓದಲು ಬರುವುದಿಲ್ಲ. ಆ ಮನೆಯವರು ಹಬ್ಬಕ್ಕೆ ಇಷ್ಟೇ ಕೊಟ್ಟರಂತೆ. ಮನೆ ತಲುಪಿದ ಮೇಲೆ ಇಂದಿನ ಶುಭಸಂದೇಶ ಯಾವುದೆಂದು ಮಕ್ಕಳು ಕೇಳಿದರೆ ನೆನಪಾಗುವುದಿಲ್ಲ. ಯಾರು ಏನು ತಪ್ಪು ಮಾಡಿದರು ಎಂಬುದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಪಾಪನಿವೇದನೆಗೆ ಮುನ್ನ ಆತ್ಮಶೋಧನೆ ಮಾಡುವಾಗ ಕೋಪ, ಸುಳ್ಳು, ತಪ್ಪಿಸಿಕೊಂಡ ಬಲಿಪೂಜೆ ಇವೆಲ್ಲ ಬೇಗ ನೆನಪಿಗೆ ಬರುತ್ತವೆ. ಇತರರ ದೋಷ ಹುಡುಕುವ ಅಭ್ಯಾಸ ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಅದು ನಮಗೆ ಪಾಪವಾಗಿ ಕಾಣದೆ ಜಾಣತನವಾಗಿ, ಕೆಲವೊಮ್ಮೆ ಧರ್ಮಸಭೆಯ ಮೇಲಿನ ಕಾಳಜಿಯಾಗಿಯೂ ಕಾಣುತ್ತದೆ. ಟೀಕಾ ಮನೋಭಾವ ಎಂದರೇನು, ಧರ್ಮಸಭೆ ಅದರ ಬಗ್ಗೆ ಏನನ್ನು ಬೋಧಿಸುತ್ತದೆ, ಯಾವ ಟೀಕೆ ನ್ಯಾಯವಾದದ್ದು, ಇದರಿಂದ ಹೊರಬರುವ ದಾರಿ ಯಾವುದು ಎಂಬುದನ್ನು ಧರ್ಮಕೇಂದ್ರದ ಕುಟುಂಬಗಳಿಗೂ ಪಾಲನಾ ಮಂಡಳಿಯ ಸದಸ್ಯರಿಗೂ ಗುರಿಕಾರರಿಗೂ ಉಪಯೋಗವಾಗುವಂತೆ ಇಲ್ಲಿ ತಿಳಿಸಲಾಗಿದೆ.

ಟೀಕಾ ಮನೋಭಾವ ಎಂದರೇನು?

ತಪ್ಪನ್ನು ತಪ್ಪೆಂದು ಗುರುತಿಸುವುದು ಟೀಕಾ ಮನೋಭಾವವಲ್ಲ. ದೇವರು ನಮಗೆ ಬುದ್ಧಿ ಕೊಟ್ಟಿರುವುದೇ ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸಲು. ಆರನೆಯ ಶತಮಾನದಲ್ಲಿ ಪ್ಯಾಲೆಸ್ತೀನಿನ ಗಾಜಾ ಪ್ರದೇಶದಲ್ಲಿ ಜೀವಿಸಿದ ಸನ್ಯಾಸಿ ಸಂತ ದೊರೊಥೆಯುಸರು ತಮ್ಮ ಮಠದ ಸಹೋದರರಿಗೆ ಇದನ್ನು ಮೂರು ಮೆಟ್ಟಿಲುಗಳಾಗಿ ವಿವರಿಸಿದರು. 'ಅವನು ಸುಳ್ಳು ಹೇಳಿದ' ಎಂದು ಇನ್ನೊಬ್ಬರ ಬಳಿ ಆಡಿಕೊಳ್ಳುವುದು ಮೊದಲ ಮೆಟ್ಟಿಲು. 'ಅವನು ಸುಳ್ಳುಗಾರ' ಎಂದು ತೀರ್ಪು ಕೊಡುವುದು ಎರಡನೆಯದು. ಮೊದಲನೆಯದರಲ್ಲಿ ಒಂದು ಕೃತ್ಯದ ಬಗ್ಗೆ ಮಾತಾಡಿದೆವು, ಎರಡನೆಯದರಲ್ಲಿ ಅವನ ಇಡೀ ಬಾಳಿಗೆ ಮುದ್ರೆ ಒತ್ತಿದೆವು. ಮೂರನೆಯದು ತಿರಸ್ಕಾರ, ಅಂದರೆ ಅವನನ್ನು ಮನಸ್ಸಿನಿಂದಲೇ ಹೊರಗೆ ಹಾಕುವುದು.

ಅವರೇ ಹೇಳುವ ಒಂದು ಉದಾಹರಣೆ ಹೀಗಿದೆ. ರಾತ್ರಿ ಹೊತ್ತು ಒಬ್ಬ ಮನುಷ್ಯ ಬೀದಿಯಲ್ಲಿ ನಿಂತಿದ್ದಾನೆ. ದಾರಿಯಲ್ಲಿ ಮೂವರು ಹಾದುಹೋಗುತ್ತಾರೆ. ಒಬ್ಬನಿಗೆ ಅವನು ವ್ಯಭಿಚಾರಕ್ಕೆ ಕಾಯುತ್ತಿರುವವನಂತೆ ಕಾಣುತ್ತಾನೆ, ಇನ್ನೊಬ್ಬನಿಗೆ ಕಳ್ಳನಂತೆ. ಮೂರನೆಯವನಿಗೆ, ಗೆಳೆಯನೊಡನೆ ಪ್ರಾರ್ಥನೆಗೆ ಹೋಗಲು ಕಾದು ನಿಂತ ಭಕ್ತನಂತೆ ಕಾಣುತ್ತಾನೆ. ನಿಂತವನು ಒಬ್ಬನೇ, ನೋಡಿದ ಕಣ್ಣುಗಳು ಮೂರು ಬಗೆ. ಟೀಕಾ ಮನೋಭಾವ ಬಾಯಿಯ ರೋಗವಾಗುವ ಮೊದಲು ಕಣ್ಣಿನ ರೋಗ ಎಂಬುದನ್ನು ಇದರಿಂದ ತಿಳಿಯಬಹುದು.

ಪವಿತ್ರ ಬೈಬಲಿನ ಬೋಧನೆ

ಪ್ರಭು ಯೇಸು ಕೂಡ ಕಣ್ಣಿನ ಬಗ್ಗೆಯೇ ಮಾತಾಡಿದರು. ಮತ್ತಾಯನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಸಹೋದರನ ಕಣ್ಣಿನ ಅಣುವನ್ನೂ ನಮ್ಮ ಕಣ್ಣಿನ ತೊಲೆಯನ್ನೂ ಅವರು ಎದುರುಬದುರು ಇಡುತ್ತಾರೆ. ಬಡಗಿಯ ಮನೆಯಲ್ಲಿ ಬೆಳೆದವರ ಹೋಲಿಕೆ ಇದು. ಹಂಚಿನ ಮನೆಯ ಮಾಡನ್ನು ಹೊತ್ತು ನಿಂತ ತೊಲೆಯನ್ನು ಕಂಡವರಿಗೆ ಆ ಮಾತಿನ ಹಾಸ್ಯವೂ ಚುರುಕೂ ಎರಡೂ ತಿಳಿಯುತ್ತವೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪರರ ಎಲೆಯ ನೊಣವನ್ನು ತೋರಿಸುವವನ ಬಗ್ಗೆ ನಮ್ಮ ಹಿರಿಯರು ಆಡುವ ಗಾದೆಯೂ ಇದನ್ನೇ ಹೇಳುತ್ತದೆ. ಆದರೆ ಪ್ರಭು ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಸಹೋದರನ ಕಣ್ಣಿನ ಅಣು ಹಾಗೆಯೇ ಇರಲಿ ಎಂದು ಅವರು ಹೇಳುವುದಿಲ್ಲ. ಮೊದಲು ತೊಲೆ ತೆಗೆದರೆ, ಆಮೇಲೆ ಅಣುವನ್ನು ತೆಗೆಯಲು ಸ್ಪಷ್ಟವಾಗಿ ಕಾಣಿಸುತ್ತದೆ ಎನ್ನುತ್ತಾರೆ. ಗುರಿ ಸಹೋದರನ ಕಣ್ಣು ಗುಣವಾಗುವುದೇ.

ಹಳೆಯ ಒಡಂಬಡಿಕೆಯಲ್ಲಿ ಸಂಖ್ಯಾಕಾಂಡದ 12ನೇ ಅಧ್ಯಾಯವನ್ನು ಓದಿ. ಮಿರ್ಯಾಮಳೂ ಆರೋನನೂ ತಮ್ಮ ಸಹೋದರ ಮೋಶೆಯ ವಿರುದ್ಧ ಮಾತಾಡಿದರು. ಅವನ ಹೆಂಡತಿ ಪರದೇಶದವಳು ಎಂಬುದು ಎತ್ತಿದ ದೂರು. ದೇವರು ಮೋಶೆಯೊಡನೆ ಮಾತ್ರವೇ ಮಾತಾಡುತ್ತಾರೆಯೇ, ನಮ್ಮೊಡನೆ ಮಾತಾಡಲಿಲ್ಲವೇ ಎಂಬುದು ಒಳಗಿದ್ದ ನೋವು. ಟೀಕೆಗಳು ಬಹುಪಾಲು ಹೀಗೆಯೇ: ಬಾಯಿಗೆ ಬಂದದ್ದು ಒಂದು, ಎದೆಯೊಳಗೆ ಇರುವುದು ಇನ್ನೊಂದು. ಮಿರ್ಯಾಮಳಿಗೆ ಕುಷ್ಠ ತಗಲಿತು, ಏಳು ದಿನ ಪಾಳೆಯದ ಹೊರಗೆ ಇರಬೇಕಾಯಿತು. ಅವಳು ಮರಳಿ ಬರುವ ತನಕ ಇಡೀ ಜನಾಂಗ ಹೆಜ್ಜೆ ಮುಂದಿಡಲಿಲ್ಲ. ಒಂದು ಮನೆಯೊಳಗಿನ ಕೊಂಕುಮಾತಿಗೆ ಒಂದು ಜನಾಂಗದ ಪ್ರಯಾಣವೇ ನಿಂತುಹೋಯಿತು. ಅವಳ ಗುಣಕ್ಕಾಗಿ ದೇವರಿಗೆ ಮೊರೆಯಿಟ್ಟವನು ಯಾರು? ಟೀಕೆಗೆ ಗುರಿಯಾದ ಮೋಶೆಯೇ.

ಸಂತ ಯಕೋಬರು ತಮ್ಮ ಪತ್ರದ 4ನೇ ಅಧ್ಯಾಯದಲ್ಲಿ ಮತ್ತು ಸಂತ ಪೌಲರು ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಇದರ ಬೇರನ್ನು ಮುಟ್ಟುತ್ತಾರೆ. ನ್ಯಾಯಾಧೀಶ ಒಬ್ಬನೇ, ಅವನು ದೇವರು. ಇನ್ನೊಬ್ಬನ ಸೇವಕನ ಮೇಲೆ ತೀರ್ಪು ಕೊಡಲು ನಮಗೆ ಅಧಿಕಾರವಿಲ್ಲ. ಆದ್ದರಿಂದ ಟೀಕಾ ಮನೋಭಾವ ನಡತೆಯ ದೋಷ ಮಾತ್ರವಲ್ಲ, ವಿಶ್ವಾಸದ ಕೊರತೆಯೂ ಹೌದು. ದೇವರು ಕುಳಿತುಕೊಳ್ಳಬೇಕಾದ ಪೀಠದಲ್ಲಿ ನಾವು ಹೋಗಿ ಕುಳಿತಿರುತ್ತೇವೆ. ಅಲ್ಲಿಂದ ಇಳಿದು ಬರುವುದೇ ಇಲ್ಲಿ ವಿಶ್ವಾಸದ ಕೆಲಸ.

ಧರ್ಮಸಭೆ ಹೆಸರಿಸುವ ಮೂರು ಪಾಪಗಳು

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಕ್ಯಾಟೆಕಿಸಂ ತನ್ನ 2477ನೇ ಪರಿಚ್ಛೇದದಲ್ಲಿ, ಇತರರ ಮಾನಕ್ಕೆ ಧಕ್ಕೆ ತರುವ ಮೂರು ಪಾಪಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತದೆ.

1. ದುಡುಕಿನ ತೀರ್ಪು: ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರಲ್ಲಿ ನೈತಿಕ ದೋಷವಿದೆ ಎಂದು ನಂಬುವುದು. ಬಾಯಿಬಿಟ್ಟು ಹೇಳದೆ ಮನಸ್ಸಿನಲ್ಲೇ ನಂಬಿದರೂ ಇದು ಪಾಪವೇ.

2. ದೋಷಪ್ರಕಟನೆ: ಇನ್ನೊಬ್ಬರಲ್ಲಿ ನಿಜವಾಗಿಯೂ ಇರುವ ದೋಷವನ್ನು, ತಕ್ಕ ಕಾರಣವಿಲ್ಲದೆ, ಅದು ಗೊತ್ತಿಲ್ಲದವರಿಗೆ ತಿಳಿಸುವುದು.

3. ಅಪವಾದ: ಸತ್ಯಕ್ಕೆ ವಿರುದ್ಧವಾದದ್ದನ್ನು ಹೇಳಿ ಮಾನ ಕಳೆಯುವುದು.

ಇವುಗಳಲ್ಲಿ ಎರಡನೆಯದು ನಮಗೆ ಅರಗುವುದು ಕಷ್ಟ. 'ನಾನೇನು ಸುಳ್ಳು ಹೇಳಿದೆನೇ?' ಎಂದು ಕೇಳುತ್ತೇವೆ. ನಿಜ ಎಂಬ ಒಂದೇ ಕಾರಣಕ್ಕೆ ಎಲ್ಲರ ಮುಂದೆ ಹೇಳಬಹುದು ಎಂದು ಧರ್ಮಸಭೆ ಒಪ್ಪುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ನನ್ನ ತಪ್ಪಿನಿಂದ ಕಲಿತದ್ದು ಹೆಚ್ಚು. ಸಹಾಯಕ ಧರ್ಮಗುರುವಾಗಿದ್ದ ದಿನಗಳಲ್ಲಿ ಒಂದು ಧರ್ಮಕೇಂದ್ರದ ವಾರ್ಷಿಕ ಹಬ್ಬ ಮುಗಿದು ತಿಂಗಳು ಕಳೆದರೂ ಲೆಕ್ಕಪತ್ರ ಬಂದಿರಲಿಲ್ಲ. ಊಟದ ಮೇಜಿನಲ್ಲಿ ನಾಲ್ಕು ಜನರೆದುರು ನಾನು, 'ಅವರ ಕೈಗೆ ಲೆಕ್ಕ ಕೊಟ್ಟರೆ ಇಷ್ಟೇ' ಎಂದೆ. ತಡವಾದದ್ದು ನಿಜ. ಆದರೆ ಹೇಳಬೇಕಾದದ್ದು ಅವರಿಗೆ. ನಾನು ಹೇಳಿದ್ದು ಉಳಿದವರಿಗೆ. ವಾರದೊಳಗೆ ಲೆಕ್ಕ ಬಂತು, ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ. ನನ್ನ ಮಾತು ಅದಕ್ಕೂ ಮೊದಲೇ ಅವರ ಮನೆ ತಲುಪಿತ್ತು. ಹೋಗಿ ಕ್ಷಮೆ ಕೇಳಿದೆ. 'ಬಿಡಿ ಫಾದರ್' ಎಂದು ಕಾಫಿ ಕೊಟ್ಟು ಕಳುಹಿಸಿದರು. ಮುಂದಿನ ಅವಧಿಗೆ ಅವರು ಪಾಲನಾ ಮಂಡಳಿಗೆ ಬರಲಿಲ್ಲ, ಆಮೇಲೂ ಬರಲಿಲ್ಲ. ಕ್ಷಮೆ ಸಿಕ್ಕಿತು, ಆದರೆ ಆಡಿದ ಮಾತು ಹಿಂದೆ ಬರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ರೋಮಿನ ಸಂತ ಫಿಲಿಪ್ ನೇರಿ (1515-1595) ಅವರ ಹೆಸರಿನಲ್ಲಿ ಪರಂಪರೆಯಿಂದ ಬಂದ ಕಥೆಯೂ ಇದನ್ನೇ ಹೇಳುತ್ತದೆ. ಚಾಡಿಯ ಅಭ್ಯಾಸವಿದ್ದ ಒಬ್ಬ ಹೆಂಗಸಿಗೆ ಅವರು ಪ್ರಾಯಶ್ಚಿತ್ತವಾಗಿ, ಕೋಳಿಯ ಪುಕ್ಕ ಕೀಳುತ್ತಾ ಬೀದಿಯಲ್ಲಿ ನಡೆದು ಬರಲು ಹೇಳಿದರಂತೆ. ಬಂದ ಮೇಲೆ, ಈಗ ಹೋಗಿ ಆ ಪುಕ್ಕಗಳನ್ನೆಲ್ಲ ಆರಿಸಿ ತಾ ಎಂದರಂತೆ.

ನಮ್ಮ ಮಂಗಳೂರಿನಲ್ಲೇ ನಡೆದದ್ದು

ಈ ವಿಷಯದಲ್ಲಿ ಕರಾವಳಿಯ ಕಥೋಲಿಕರಾದ ನಮಗೆ ದೂರದ ಉದಾಹರಣೆ ಬೇಕಿಲ್ಲ. 1870ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದಿಂದ ಕೆಲವು ಸಹೋದರಿಯರು ಮಂಗಳೂರಿನಲ್ಲಿ ಮಠ ಸ್ಥಾಪಿಸಲು ಹೊರಟರು. ಪ್ರಯಾಣದಲ್ಲೇ ಮೂವರು ಸಹೋದರಿಯರು ತೀರಿಕೊಂಡರು. ಬದುಕಿ ಬಂದವರಲ್ಲಿ ಗಲಿಲೇಯದ ಇಬಿಲ್ಲಿನ್ ಊರಿನ ಮರಿಯಂ ಬಾವಾರ್ದಿ ಎಂಬ 24ರ ಹರೆಯದ ಸಹೋದರಿಯೂ ಇದ್ದರು. ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು, ಮನೆಗೆಲಸ ಮಾಡಿ ಬದುಕಿದವರು, ಹೆಚ್ಚು ಓದುಬರಹ ಕಲಿಯದವರು. 1871ರ ನವೆಂಬರ್ 21ರಂದು ಮಂಗಳೂರಿನ ಮಠದಲ್ಲಿ ಅವರು ವ್ರತಸ್ವೀಕಾರ ಮಾಡಿದರು.

ಅವರಿಗೆ ಪ್ರಾರ್ಥನೆಯಲ್ಲಿ ಅಸಾಧಾರಣ ಅನುಭವಗಳಾಗುತ್ತಿದ್ದವು. ಸುತ್ತಲಿದ್ದವರಿಗೆ ಅದು ಅರ್ಥವಾಗಲಿಲ್ಲ. ಅವುಗಳ ಸತ್ಯತೆಯ ಬಗ್ಗೆಯೇ ಸಂಶಯ ಹುಟ್ಟಿತು. 1872ರಲ್ಲಿ ಅವರನ್ನು ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಮತ್ತೆ ಅಡುಗೆಮನೆ, ತೋಟದಂಥ ಸರಳ ಕೆಲಸಗಳ ಬಾಳಿಗೆ ಮರಳಿದರು. 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠ ಸ್ಥಾಪಿಸಲು ನೆರವಾದರು, 1878ರ ಆಗಸ್ಟ್ 26ರಂದು ಅಲ್ಲೇ ನಿಧನರಾದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಅವರನ್ನು ಸಂಶಯಿಸಿದವರು ಕೆಟ್ಟವರಾಗಿರಲಿಲ್ಲ. ಸಮುದ್ರ ದಾಟಿ ಬಂದು ನಮ್ಮ ನಾಡಿನಲ್ಲಿ ಧರ್ಮಸೇವೆಗೆ ಬಾಳನ್ನೇ ತೆತ್ತವರು. ಪರೀಕ್ಷಿಸಿ ನೋಡುವುದು ಮೇಲಧಿಕಾರಿಗಳ ಕರ್ತವ್ಯವೂ ಹೌದು. ಆದರೂ ಸಂತೆಯೊಬ್ಬರು ಇದೇ ಊರಿನಲ್ಲಿ ನಡೆದಾಡುತ್ತಿದ್ದಾಗ ಒಳ್ಳೆಯವರ ಕಣ್ಣಿಗೆ ಅದು ಕಾಣಲಿಲ್ಲ. ನಮ್ಮ ಧರ್ಮಕೇಂದ್ರದ ಕೊನೆಯ ಬೆಂಚಿನಲ್ಲಿ ಕುಳಿತವರ ಬಗ್ಗೆ ನಾವು ಹೇಳುವ ಮಾತು ಎಷ್ಟರಮಟ್ಟಿಗೆ ಸರಿಯಿದ್ದೀತು?

ಬಾಲಯೇಸುವಿನ ಸಂತ ತೆರೇಸಾ ಕಂಡುಕೊಂಡದ್ದು

ಫ್ರಾನ್ಸಿನ ಲಿಸಿಯೂ ಕಾರ್ಮೆಲ್ ಮಠದಲ್ಲಿದ್ದ ಬಾಲಯೇಸುವಿನ ಸಂತ ತೆರೇಸಾ (1873-1897) ತಮ್ಮ ಆತ್ಮಕಥೆಯ ಕೊನೆಯ ಭಾಗವನ್ನು ಕ್ಷಯರೋಗದಿಂದ ಬಳಲುತ್ತಾ 1897ರ ಜೂನ್ ತಿಂಗಳಲ್ಲಿ ಬರೆದರು. ಅದರಲ್ಲಿ ಒಂದು ಚಿಕ್ಕ ಘಟನೆ ಬರುತ್ತದೆ. ವಿರಾಮದ ವೇಳೆ. ಕ್ರಿಸ್ಮಸ್ ಗೋದಲಿಗೆ ಬೇಕಾದ ಗಿಡಗಳನ್ನು ಒಳಗೆ ತರಲು ದೊಡ್ಡ ಬಾಗಿಲು ತೆರೆಯಬೇಕಿತ್ತು. ಜೊತೆಗೆ ಹೋಗಲು ತೆರೇಸಾ ಇಲ್ಲವೇ ಪಕ್ಕದಲ್ಲಿದ್ದ ಸಹೋದರಿ ಬರಲಿ ಎಂದು ಕರೆ ಬಂತು. ಹೋಗಲು ತೆರೇಸಾಗೂ ಆಸೆಯಿತ್ತು. ಆದರೆ ಆ ಸಂತೋಷ ಪಕ್ಕದವರಿಗೆ ಸಿಗಲಿ ಎಂದು ಬೇಕೆಂದೇ ನಿಧಾನವಾಗಿ ತನ್ನ ಏಪ್ರನ್ ಬಿಚ್ಚಿದರು. ನೋಡುತ್ತಿದ್ದ ಸಹೋದರಿಯೊಬ್ಬರು ನಗುತ್ತಾ, ಇಷ್ಟು ನಿಧಾನ ಮಾಡಿದರೆ ಕಿರೀಟಕ್ಕೆ ಮುತ್ತು ಸಿಗುವುದು ಹೇಗೆ ಎಂಬ ಅರ್ಥದ ಮಾತಾಡಿದರು. ಅಲ್ಲಿದ್ದವರಿಗೆಲ್ಲ ಅದು ಸೋಮಾರಿತನವಾಗಿ ಕಂಡಿತು.

ತೆರೇಸಾ ಇದರಿಂದ ಬೇಸರಪಡದೆ ಎರಡು ಪಾಠ ಕಲಿತರು. ನನ್ನ ಒಳ್ಳೆಯ ಕೆಲಸ ಇತರರಿಗೆ ದೋಷವಾಗಿ ಕಾಣಬಹುದಾದರೆ, ಇತರರಲ್ಲಿ ನಾನು ಕಾಣುವ ದೋಷವೂ ಒಳ್ಳೆಯ ಕೆಲಸವೇ ಆಗಿರಬಹುದು. ಹಾಗೆಯೇ ಜನರು ನನ್ನಲ್ಲಿ ಹೊಗಳುವ ಗುಣ ನಿಜವಾಗಿ ದೋಷವೂ ಆಗಿರಬಹುದು. ಆದ್ದರಿಂದ ತೀರ್ಪು ದೇವರಿಗೇ ಇರಲಿ. ತನಗೆ ಸ್ವಭಾವತಃ ಹಿಡಿಸದ ಒಬ್ಬ ಸಹೋದರಿಗಾಗಿ ಅವರು ಭೇಟಿಯಾದಾಗಲೆಲ್ಲ ಪ್ರಾರ್ಥಿಸುತ್ತಿದ್ದರು, ಕಟುವಾದ ಉತ್ತರ ನಾಲಗೆಗೆ ಬಂದಾಗ ಮುಗುಳುನಗುತ್ತಿದ್ದರು. ಕೊನೆಗೆ ಆ ಸಹೋದರಿಯೇ, ನನ್ನಲ್ಲಿ ನಿಮಗೆ ಇಷ್ಟು ಇಷ್ಟವಾಗುವಂಥದ್ದು ಏನಿದೆ ಎಂದು ಕೇಳಿದರಂತೆ. ತೆರೇಸಾಗೆ ಇಷ್ಟವಾದದ್ದು ಅವರೊಳಗಿದ್ದ ಯೇಸುವೇ.

ಹಾಗಾದರೆ ಟೀಕಿಸಲೇಬಾರದೇ?

ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ಏಕೆಂದರೆ 'ಟೀಕೆ ಮಾಡಬೇಡಿ' ಎಂಬ ಬೋಧನೆಯನ್ನು ಕೆಲವೊಮ್ಮೆ ನೊಂದವರ ಬಾಯಿ ಮುಚ್ಚಿಸಲು ಬಳಸಲಾಗಿದೆ. ಅದು ಈ ಬೋಧನೆಯ ದುರುಪಯೋಗ.

ಪ್ರವಾದಿ ನಾತಾನನು ದಾವೀದ ಅರಸನ ಎದುರೇ ನಿಂತು ಅವನ ಪಾಪವನ್ನು ತೋರಿಸಿದನು. ಸಂತ ಪೌಲರು ಅಂತಿಯೋಕ್ಯದಲ್ಲಿ ಪೇತ್ರರನ್ನು ಮುಖಾಮುಖಿಯಾಗಿ ಖಂಡಿಸಿದರು. ಮತ್ತಾಯ 18ನೇ ಅಧ್ಯಾಯದಲ್ಲಿ ಪ್ರಭುವೇ ಕ್ರಮವನ್ನು ಹಾಕಿಕೊಟ್ಟಿದ್ದಾರೆ: ಮೊದಲು ಏಕಾಂತದಲ್ಲಿ, ಕೇಳದಿದ್ದರೆ ಒಬ್ಬಿಬ್ಬರ ಜೊತೆ, ಆಮೇಲೆ ಸಭೆಯ ಮುಂದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 212ನೇ ವಿಧಿ, ಧರ್ಮಸಭೆಯ ಹಿತದ ಬಗ್ಗೆ ತಮ್ಮ ಅಭಿಪ್ರಾಯವನ್ನು ಗೌರವಪೂರ್ವಕವಾಗಿ ಪಾಲಕರಿಗೆ ತಿಳಿಸುವ ಹಕ್ಕು ವಿಶ್ವಾಸಿಗಳಿಗಿದೆ, ಕೆಲವೊಮ್ಮೆ ಅದು ಅವರ ಕರ್ತವ್ಯವೂ ಹೌದು ಎನ್ನುತ್ತದೆ. ಹಬ್ಬದ ಲೆಕ್ಕ ಕೇಳುವುದು ಗೊಣಗಾಟವಲ್ಲ. ಸಭೆಯಲ್ಲಿ ಎದ್ದು ನಿಂತು ಕೇಳಿದರೆ ಅದು ಸೇವೆ. ಹೊರಗೆ ಜಗಲಿಯಲ್ಲಿ ಕುಳಿತು ಆಡಿಕೊಂಡರೆ ಅದು ಚಾಡಿ.

ಮಕ್ಕಳ ಅಥವಾ ದುರ್ಬಲರ ಮೇಲಿನ ದೌರ್ಜನ್ಯದ ವಿಷಯದಲ್ಲಂತೂ ಸುಮ್ಮನಿರುವುದೇ ಪಾಪ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ 'ವೋಸ್ ಎಸ್ತಿಸ್ ಲುಕ್ಸ್ ಮುಂದಿ' ಆಜ್ಞೆಯು, ಇಂಥ ವಿಷಯವನ್ನು ವರದಿ ಮಾಡುವುದನ್ನು ಗುರುಗಳಿಗೂ ಧಾರ್ಮಿಕರಿಗೂ ಕಡ್ಡಾಯ ಮಾಡಿದೆ. ವರದಿ ಮಾಡಿದವರ ಮೇಲೆ ಮೌನ ಹೇರಬಾರದು ಎಂದೂ ಹೇಳಿದೆ. ನಮ್ಮ ದೇಶದ 2012ರ ಪೋಕ್ಸೋ ಕಾಯ್ದೆಯ ಪ್ರಕಾರವೂ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಯಾರೂ ಪರನಿಂದೆ ಎಂದು ಕರೆಯುವಂತಿಲ್ಲ.

ಎರಡನ್ನೂ ಬೇರ್ಪಡಿಸುವ ಸುಲಭದ ಗುರುತು ಒಂದಿದೆ. ನಾನು ಯಾರಿಗೆ ಹೇಳುತ್ತಿದ್ದೇನೆ? ತಪ್ಪು ಮಾಡಿದವರಿಗೆ, ಅದನ್ನು ಸರಿಪಡಿಸಬಲ್ಲವರಿಗೆ, ಅಥವಾ ಅಪಾಯದಲ್ಲಿರುವವರಿಗೆ ಹೇಳಿದರೆ ಅದು ಸತ್ಯದ ಸೇವೆ. ಕೇಳಿ ತಲೆಯಾಡಿಸುವುದನ್ನು ಬಿಟ್ಟು ಬೇರೇನೂ ಮಾಡಲಾಗದವರಿಗೆ ಹೇಳಿದರೆ ಅದು ಟೀಕಾ ಮನೋಭಾವ.

ಬಿಟ್ಟುಬಿಡುವ ದಾರಿ

ಬಾಯಿಗೆ ಬೀಗ ಹಾಕಿದರೆ ಮಾತ್ರ ಸಾಲದು, ಒಳಗೆ ಹುದುಗಿದ್ದು ಇನ್ನೊಂದು ದಿನ ಹೊರಗೆ ಬರುತ್ತದೆ. ನಾನು ಕ್ಷಮೆ ಹೊಂದಿದವನು ಎಂಬ ಅರಿವು ಮೊದಲು ಬೇಕು. ಲೂಕನ ಶುಭಸಂದೇಶದ 18ನೇ ಅಧ್ಯಾಯದ ಫರಿಸಾಯನಿಗೆ ತಾನು ಒಳ್ಳೆಯವನೆಂದು ತೋರಿಸಿಕೊಳ್ಳಲು ಹಿಂದೆ ನಿಂತ ಸುಂಕದವನು ಬೇಕಾಗಿದ್ದ. ದೇವರ ಕರುಣೆಯಿಂದ ಬದುಕುವವನಿಗೆ ಇನ್ನೊಬ್ಬರ ದೋಷದ ಅಗತ್ಯವಿಲ್ಲ. ಬಲಿಪೂಜೆಯ ಆರಂಭದಲ್ಲಿ ನಾವು ಎದೆ ಬಡಿದುಕೊಳ್ಳುತ್ತೇವಲ್ಲ, ಬಡಿದುಕೊಳ್ಳುವುದು ನಮ್ಮ ಎದೆಯನ್ನೇ, ಪಕ್ಕದವರದ್ದನ್ನಲ್ಲ. ಈ ನೆಲೆಯಲ್ಲಿ ನಿಂತು ಕೆಳಗಿನ ಅಭ್ಯಾಸಗಳನ್ನು ಕೈಗೊಳ್ಳಬಹುದು.

1. ಒಳ್ಳೆಯ ಅರ್ಥವನ್ನು ಮೊದಲು ಹುಡುಕಿ. ಲೊಯೋಲಾದ ಸಂತ ಇಗ್ನೇಷಿಯಸ್ ತಮ್ಮ 'ಆಧ್ಯಾತ್ಮಿಕ ಸಾಧನೆಗಳು' ಕೃತಿಯ 22ನೇ ಪರಿಚ್ಛೇದದಲ್ಲಿ ಕೊಡುವ ಕ್ರಮವನ್ನು ಕ್ಯಾಟೆಕಿಸಂ ಕೂಡ ಎತ್ತಿ ಹೇಳುತ್ತದೆ. ಇನ್ನೊಬ್ಬರ ಮಾತಿಗೆ ಒಳ್ಳೆಯ ಅರ್ಥ ಕೊಡಲು ಸಿದ್ಧರಿರಿ. ಆಗದಿದ್ದರೆ, ಯಾವ ಅರ್ಥದಲ್ಲಿ ಹೇಳಿದಿರಿ ಎಂದು ಅವರನ್ನೇ ಕೇಳಿ. ಅರ್ಥ ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದಿ. ಪಾಲನಾ ಮಂಡಳಿಯ ಪ್ರತಿ ಸಭೆಯ ಮೊದಲು ಇದನ್ನು ಒಮ್ಮೆ ನೆನಪಿಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

2. ಊಟದ ಮೇಜಿಗೆ ಒಂದು ನಿಯಮವಿರಲಿ. ಹಿಪ್ಪೋದ ಧರ್ಮಾಧ್ಯಕ್ಷ ಸಂತ ಅಗಸ್ಟೀನರು, ಗೈರುಹಾಜರಿದ್ದವರನ್ನು ನಿಂದಿಸುವವರಿಗೆ ಇಲ್ಲಿ ಜಾಗವಿಲ್ಲ ಎಂಬರ್ಥದ ಸಾಲುಗಳನ್ನು ತಮ್ಮ ಊಟದ ಮೇಜಿನ ಮೇಲೆ ಬರೆಸಿದ್ದರು. ಒಮ್ಮೆ ಕೆಲವು ಧರ್ಮಾಧ್ಯಕ್ಷರೇ ಅದನ್ನು ಮರೆತಾಗ, ಸಾಲುಗಳನ್ನು ಅಳಿಸಬೇಕು, ಇಲ್ಲವೇ ನಾನು ಎದ್ದುಹೋಗಬೇಕು ಎಂದರೆಂದು ಅವರ ಜೀವನಚರಿತ್ರೆ ಬರೆದ ಪೊಸ್ಸಿದಿಯುಸ್ ತಿಳಿಸುತ್ತಾರೆ. ಮಕ್ಕಳು ಟೀಕೆಯನ್ನು ಕಲಿಯುವುದು ಮನೆಯ ಊಟದ ಹೊತ್ತಿನಲ್ಲೇ.

3. ಮಾತಾಡುವ ಮೊದಲು ಪ್ರಾರ್ಥಿಸಿ. ಯಾರ ದೋಷ ಹೇಳಲು ಬಾಯಿ ತೆರೆಯುತ್ತೀರೋ ಅವರ ಹೆಸರು ಹಿಡಿದು ಒಂದು ನಮೋ ಮರಿಯ ಹೇಳಿ. ಆಮೇಲೂ ಹೇಳಬೇಕೆನಿಸಿದರೆ ಅವರಿಗೇ ಹೇಳಿ.

4. ಮೊಬೈಲನ್ನೂ ಮರೆಯಬೇಡಿ. ಪೋಪ್ ಫ್ರಾನ್ಸಿಸ್ 2018ರ 'ಗೌದೇತೆ ಎತ್ ಎಕ್ಸುಲ್ತಾತೆ' ಪತ್ರದ 115ನೇ ಪರಿಚ್ಛೇದದಲ್ಲಿ, ಅಂತರ್ಜಾಲದ ನಿಂದೆಯ ಜಾಲದಲ್ಲಿ ಕ್ರೈಸ್ತರೂ ಸಿಲುಕಬಹುದು, ಕಥೋಲಿಕ ಮಾಧ್ಯಮಗಳೂ ಎಲ್ಲೆ ಮೀರಬಹುದು ಎಂದು ಎಚ್ಚರಿಸಿದ್ದಾರೆ. ಸಂಪಾದಕನಾಗಿ ಈ ಮಾತನ್ನು ನಾನು ಮೊದಲು ನನಗೇ ಹೇಳಿಕೊಳ್ಳಬೇಕು. ವಾಳೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬರ ಮಾನ ಹೋಗುವ ಸಂದೇಶ ಬಂದರೆ ಅದು ನಿಮ್ಮಲ್ಲೇ ನಿಲ್ಲಲಿ.

5. ಪಾಪನಿವೇದನೆ ಮಾಡಿ, ನಷ್ಟವನ್ನು ತುಂಬಿ. ಮಾನಹಾನಿ ಮಾಡಿದವರು ಅದನ್ನು ಸರಿಪಡಿಸಲು ಬದ್ಧರು ಎಂದು ಕ್ಯಾಟೆಕಿಸಂನ 2487ನೇ ಪರಿಚ್ಛೇದ ಹೇಳುತ್ತದೆ. ಸುಳ್ಳು ಹೇಳಿದ್ದರೆ, ಯಾರ ಮುಂದೆ ಹೇಳಿದಿರೋ ಅವರ ಮುಂದೆಯೇ ಹಿಂತೆಗೆದುಕೊಳ್ಳಿ. ನಿಜವನ್ನೇ ಹೇಳಿದ್ದರೆ ಅದನ್ನು ಸುಳ್ಳೆನ್ನಲಾಗದು. ಆದರೆ ಹೇಳಬಾರದಿತ್ತು ಎಂದು ಒಪ್ಪಿ, ಅದೇ ಜನರ ಮುಂದೆ ಆ ವ್ಯಕ್ತಿಯ ಒಳ್ಳೆಯತನವನ್ನು ಹೇಳಬಹುದು.

ಕೊನೆಯ ಮಾತು

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಸ್ಕೇತೆ ಮರುಭೂಮಿಯಲ್ಲಿದ್ದ ಸಂತ ಮೋಸೆಸ್ ಹಿಂದೆ ದರೋಡೆಕೋರರಾಗಿದ್ದವರು. ತಪ್ಪು ಮಾಡಿದ ಸಹೋದರನೊಬ್ಬನ ವಿಚಾರಣೆಗೆ ಕರೆ ಬಂದಾಗ ಅವರು ಮೊದಲು ಹೋಗಲಿಲ್ಲ. ಮತ್ತೆ ಕರೆದಾಗ ತೂತು ಬಿದ್ದ ಕೊಡದಲ್ಲಿ ನೀರು ತುಂಬಿ ಹೊತ್ತು ಬಂದರು. ಇದೇನೆಂದು ಕೇಳಿದವರಿಗೆ, ನನ್ನ ಪಾಪಗಳು ನನ್ನ ಬೆನ್ನ ಹಿಂದೆ ಹೀಗೆಯೇ ಸುರಿಯುತ್ತಿವೆ, ನನಗೆ ಕಾಣುತ್ತಿಲ್ಲ, ಆದರೂ ಇನ್ನೊಬ್ಬನ ತೀರ್ಪಿಗೆ ಬಂದಿದ್ದೇನೆ ಎಂಬರ್ಥದ ಉತ್ತರ ಕೊಟ್ಟರು. ಸಭೆ ಆ ಸಹೋದರನನ್ನು ಕ್ಷಮಿಸಿತು.

ಮೊದಲು ಹೇಳಿದ ಸಂತ ದೊರೊಥೆಯುಸರು ಒಂದು ಚಕ್ರವನ್ನು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ನಡುವಿನ ಬಿಂದು ದೇವರು, ಸುತ್ತಿನಿಂದ ನಡುವಿಗೆ ಬರುವ ಗೆರೆಗಳು ನಮ್ಮ ಬಾಳಿನ ದಾರಿಗಳು. ಗಾಡಿಯ ಚಕ್ರದ ಅರಗಳನ್ನು ನೋಡಿದವರಿಗೆ ಇದು ತಿಳಿಯುತ್ತದೆ: ನಡುವಿಗೆ ಹತ್ತಿರವಾದಷ್ಟೂ ಅವು ಒಂದಕ್ಕೊಂದು ಹತ್ತಿರವಾಗುತ್ತವೆ. ದೇವರಿಗೆ ಹತ್ತಿರವಾಗುತ್ತಾ ನೆರೆಯವರಿಂದ ದೂರವಾಗಲು ಸಾಧ್ಯವಿಲ್ಲ.

ಪ್ರಿಯರೇ, ಬರುವ ಭಾನುವಾರ ಬಲಿಪೂಜೆ ಮುಗಿಸಿ ಮೆಟ್ಟಿಲಿಳಿಯುವಾಗ, ಚೆನ್ನಾಗಿ ಓದಿದ ಒಬ್ಬರನ್ನೋ ಹಾಡಿದ ಒಬ್ಬರನ್ನೋ ಇಗರ್ಜಿ ಗುಡಿಸಿದ ಒಬ್ಬರನ್ನೋ ಹುಡುಕಿ, ಅವರೆದುರೇ ಒಂದು ಒಳ್ಳೆಯ ಮಾತು ಹೇಳಿ ಮನೆಗೆ ಹೋಗಿ. ಮಕ್ಕಳು ಅಂದಿನ ಶುಭಸಂದೇಶ ಕೇಳಿದರೆ ಆಗ ನೆನಪಾದೀತು.